ಕಪ್ಪಗಿರುವವರು ಗುಲಾಬಿ ಸೀರೆ ಉಡಬಾರದಾ?

"ನನ್ನ ಬಣ್ಣ ಸ್ವಲ್ಪ ಕಡಿಮೆ. ಅಣ್ಣನ ಮದುವೆಗೆ ಪಿಂಕ್ ರೇಷ್ಮೆ ಸೀರೆ ಉಡಬೇಕು ಅಂತ ಆಸೆ. ಮನೆಯಲ್ಲಿ ಎಲ್ಲರೂ ನಿನಗೆ ಒಪ್ಪಲ್ಲ ಅಂತಾರೆ. ನಿಜಾನಾ? ಈ ಬಣ್ಣದಲ್ಲಿ ಅಷ್ಟೊಂದು ಏನಿದೆ?" ಅಂತ ಕೇಳಿದ್ದೀರಿ.

ಉಡಿ. ಖಂಡಿತ ಉಡಿ. ಯಾವ ಪಿಂಕ್ ಅನ್ನೋದನ್ನು ಮಾತ್ರ ನೋಡಿ ಆರಿಸಿಕೊಳ್ಳಿ. ಅದನ್ನು ಹೇಳೋಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ನಾನು ಹಾಸನದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಚಿಕ್ಕ ಅಂಗಡಿ. 18 ವರ್ಷವಾಯಿತು. ನನ್ನದು ಎಣ್ಣೆಗಪ್ಪು. ಅಕ್ಕನ ಮದುವೆಗೆ ಜವಳಿ ತೆಗೆಯೋಕೆ ಹೋದಾಗ ನನಗೆ 17 ವರ್ಷ. ಒಂದು ತಾವರೆ ಬಣ್ಣದ ಸೀರೆ ಮೇಲೆ ಕೈ ಇಟ್ಟೆ. ಅಂಗಡಿಯವರು ಅದನ್ನು ಮೆಲ್ಲಗೆ ಎಳೆದು ಮಡಚಿಟ್ಟರು. "ಇದು ಬೆಳ್ಳಗಿರೋರಿಗಮ್ಮ, ನಿಮಗೆ ಇದು ನೋಡಿ" ಅಂತ ಮರೂನ್ ಹಾಸಿದರು. ಅಮ್ಮನೂ ಹೌದು ಅಂದರು. ಅವತ್ತು ಏನೂ ಮಾತಾಡಲಿಲ್ಲ. ಆಮೇಲೆ ಹತ್ತು ವರ್ಷ ಗುಲಾಬಿ ಬಣ್ಣದ ಒಂದು ಕರ್ಚೀಫೂ ಕೊಳ್ಳಲಿಲ್ಲ. ನಿಮ್ಮ ಪ್ರಶ್ನೆ ಓದಿದ ತಕ್ಷಣ ನೆನಪಾಗಿದ್ದು ಆ ಸೀರೆ. ಅದರ ಅಂಚಿನ ಜರಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನನ್ನ ಮನಸ್ಸು ಬದಲಾಗಿದ್ದು ಒಬ್ಬ ಆಶಾ ಕಾರ್ಯಕರ್ತೆಯಿಂದ. ನಮ್ಮ ರಾಜ್ಯದಲ್ಲಿ ಅವರ ಸಮವಸ್ತ್ರ ಗುಲಾಬಿ ಸೀರೆ, ನೀವೂ ನೋಡಿರುತ್ತೀರಿ. ಅವರು ನನಗಿಂತ ಕಪ್ಪು. ಬ್ಲೌಸ್ ತೋಳು ಬಿಗಿ, ಸೈಕಲ್ ಹೊಡೆಯೋಕೆ ಆಗಲ್ಲ, ಸ್ವಲ್ಪ ಬಿಚ್ಚಿ ಕೊಡಿ ಅಂತ ಬಂದಿದ್ದರು. ಬಾಗಿಲ ಬಿಸಿಲಿಗೆ ನಿಂತು ಸೆರಗು ಸರಿ ಮಾಡಿಕೊಂಡರು. ಆ ಬಣ್ಣದ ಬೆಳಕು ಗಲ್ಲದ ಮೇಲೆ ಬಿದ್ದು ಮುಖವೆಲ್ಲ ಕಳೆಕಳೆಯಾಗಿತ್ತು. ಮಾಮೂಲಿ ಸಮವಸ್ತ್ರದ ಸೀರೆ ಅದು. ಅದನ್ನು ಅವರಿಗೆ ಯಾರೂ ಒಪ್ಪುತ್ತಾ ಇಲ್ಲವಾ ಅಂತ ನೋಡಿ ಕೊಟ್ಟಿರಲಿಲ್ಲ. ಎಲ್ಲ ಮೈಬಣ್ಣದವರಿಗೂ ಒಂದೇ ಸೀರೆ. ಕೊರೊನಾ ಸಮಯದಲ್ಲಿ ಮನೆಮನೆಗೆ ಬಂದಿದ್ದು ಆ ಸೀರೆಯವರೇ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅವರು ಧರಣಿ ಕೂತಾಗ ಟಿವಿ ತುಂಬ ಗುಲಾಬಿ. ಪಿಂಕ್ ಅಂದರೆ ನಾಜೂಕು, ಮೆತ್ತಗಿನ ಬಣ್ಣ ಅನ್ನೋರು ಅವರನ್ನು ನೋಡಬೇಕು.

ಹುಡುಗಿಯರ ಬಣ್ಣ ಅನ್ನೋದೂ ತೀರಾ ಹಳೆಯ ಮಾತಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರದ ಒಂದು ಪತ್ರಿಕೆ ಗುಲಾಬಿ ಗಂಡುಮಕ್ಕಳಿಗೆ, ನೀಲಿ ಹೆಣ್ಣುಮಕ್ಕಳಿಗೆ ಅಂತ ಬರೆದಿತ್ತು. ಗುಲಾಬಿ ಗಟ್ಟಿ ಬಣ್ಣ, ನೀಲಿ ನಾಜೂಕು ಅನ್ನೋದು ಅದರ ಲೆಕ್ಕ. 1953ರಲ್ಲಿ ಅಲ್ಲಿನ ಅಧ್ಯಕ್ಷರ ಹೆಂಡತಿ ಮೇಮಿ ಐಸೆನ್‌ಹೋವರ್ ಅಧಿಕಾರ ಸ್ವೀಕಾರದ ನೃತ್ಯಕೂಟಕ್ಕೆ ಗುಲಾಬಿ ಗೌನ್ ಹಾಕಿದರು. ಆ ಕಾಲದಲ್ಲೇ ಅದು ಅಲ್ಲಿ ಹೆಂಗಸರ ಬಣ್ಣವಾಗಿ ಗಟ್ಟಿಯಾಗಿದ್ದು. ಅದಕ್ಕೂ ಮೊದಲು, 1937ರಲ್ಲಿ, ಪ್ಯಾರಿಸ್‌ನ ಫ್ಯಾಷನ್ ಡಿಸೈನರ್ ಎಲ್ಸಾ ಸ್ಕಿಯಾಪರೆಲ್ಲಿ ಕಣ್ಣು ಕೋರೈಸುವ ಪಿಂಕ್ ತಂದು ಅದಕ್ಕೆ 'ಶಾಕಿಂಗ್' ಅಂತ ಹೆಸರಿಟ್ಟಿದ್ದರು. ಹೆಚ್ಚುಕಮ್ಮಿ ನಾವು ರಾಣಿ ಬಣ್ಣ ಅನ್ನೋದು ಅದೇ. ಅವರಿಗೆ ಶಾಕ್, ನಮಗೆ ಸೀಮಂತದ ಸೀರೆ. ಅಮೆರಿಕದ ಫ್ಯಾಷನ್ ಸಂಪಾದಕಿ ಡಯಾನಾ ವ್ರೀಲ್ಯಾಂಡ್ ಭಾರತಕ್ಕೆ ಪಿಂಕ್ ಅಂದರೆ ನೇವಿ ಬ್ಲೂ ಇದ್ದ ಹಾಗೆ ಅಂದಿದ್ದರು. ಅವರ ಕಡೆ ನೇವಿ ಬ್ಲೂ ಎಲ್ಲರೂ ದಿನಾ ಹಾಕುವ ಬಣ್ಣ. ನಮ್ಮ ಕಡೆ ಆ ಜಾಗ ಗುಲಾಬಿಯದು ಅಂತ. ಈ ಮಾತು ನನಗೆ ತುಂಬಾ ಇಷ್ಟ. ಇಷ್ಟೊಂದು ಜನ ಕಪ್ಪಗೆ, ಗೋಧಿ ಬಣ್ಣಕ್ಕೆ ಇರುವ ದೇಶದಲ್ಲಿ ಇಷ್ಟು ಗುಲಾಬಿ ಸೀರೆ ಉಡುತ್ತಾರೆ. ಒಪ್ಪದೇ ಇದ್ದಿದ್ದರೆ ಉಡುತ್ತಿದ್ದರಾ?

ಹಿಂದೆ ಈ ಬಣ್ಣ ಸುಲಭಕ್ಕೆ ಸಿಗುತ್ತಲೂ ಇರಲಿಲ್ಲ. ಉತ್ತರ ಕರ್ನಾಟಕದ ಕಡೆ ಎಣ್ಣೆಗೆ ಬೆಳೆಯುವ ಕುಸುಬೆ ಇದೆಯಲ್ಲ, ಅದರ ಹೂವಿನ ಎಸಳಿನಿಂದ ಗುಲಾಬಿ ತೆಗೆಯುತ್ತಿದ್ದರು. ನೀರಿನಲ್ಲಿ ತೊಳೆದರೆ ಮೊದಲು ಹಳದಿ ಹೋಗುತ್ತದೆ. ಆಮೇಲೆ ಬೂದಿ ನೀರಿನಂಥ ಕ್ಷಾರ ಹಾಕಿದರೆ ಕೆಂಪು ಬಿಡುತ್ತದೆ. ಅದಕ್ಕೆ ಹುಳಿ ಸೇರಿಸಿದರೆ ಬಟ್ಟೆಗೆ ಗುಲಾಬಿ ಹತ್ತುತ್ತದೆ. ಇಷ್ಟೆಲ್ಲ ಮಾಡಿದರೂ ಬಿಸಿಲಿಗೆ ಮಾಸುತ್ತಿತ್ತು. 1859ರ ಹೊತ್ತಿಗೆ ಯುರೋಪಿನಲ್ಲಿ ಮಜೆಂಟಾ ಅನ್ನೋ ರಾಸಾಯನಿಕ ಬಣ್ಣ ಬಂತು. ಇಂಥ ಬಣ್ಣಗಳು ಬಂದ ಮೇಲೇ ಗಾಢ ಗುಲಾಬಿ ಎಲ್ಲರ ಕೈಗೆ ಸಿಕ್ಕಿದ್ದು.

ಈಗ ನಿಮ್ಮ ಸೀರೆ ವಿಷಯ. ಕಾಮನಬಿಲ್ಲಿನಲ್ಲಿ ಗುಲಾಬಿಗೆ ಅಂತ ಒಂದು ಪಟ್ಟಿಯೇ ಇಲ್ಲ, ಗಮನಿಸಿದ್ದೀರಾ? ಕೆಂಪಿಗೆ ಬಿಳಿಯೋ ನೀಲಿಯೋ ಸೇರಿದಾಗ ನಮ್ಮ ಕಣ್ಣಿಗೆ ಕಾಣುವ ಬಣ್ಣ ಅದು. ಹಾಗಾಗಿ ಪಿಂಕ್ ಅಂದರೆ ಒಂದಲ್ಲ. ಮ್ಯಾಚಿಂಗ್ ಸೆಂಟರ್‌ಗೆ ಹೋದಾಗ ನನಗೆ ಅತಿ ಜಾಸ್ತಿ ಹೊತ್ತು ಹಿಡಿಯೋದು ಪಿಂಕ್ ದಾರಕ್ಕೆ. ಹತ್ತು ರೀಲು ಇಟ್ಟು ನೋಡಿದರೂ ಒಂದು ಸರಿಹೊಂದಲ್ಲ. ಕೆಲವು ಹಳದಿ ಕಡೆಗೆ ವಾಲುತ್ತವೆ, ಪೀಚ್ ಥರ. ಕೆಲವು ನೀಲಿ ಕಡೆಗೆ, ರಾಣಿ ಥರ.

ನಮ್ಮಂಥ ಮೈಬಣ್ಣಕ್ಕೆ ಬೇಬಿ ಪಿಂಕ್ ಕಷ್ಟ ಅಂತ ನನ್ನ ಅನುಭವ. ಅದರಲ್ಲಿ ಬಿಳಿ ಜಾಸ್ತಿ. ಸುಣ್ಣ ಬಳಿದ ಗೋಡೆ ಮುಂದೆ ನಿಂತ ಹಾಗೆ ಮುಖ ಮಂಕಾಗುತ್ತದೆ. ನಿಮ್ಮ ಮನೆಯವರು ನೋಡಿ ಬೇಡ ಅಂದಿದ್ದು ಬಹುಶಃ ಅದನ್ನೇ. ರಾಣಿ ಬಣ್ಣ, ತುಂಬಿದ ತಾವರೆ ಬಣ್ಣ ಹೆಗಲಿಗೆ ಹಾಕಿಕೊಂಡು ನೋಡಿ, ಅವರೇ ಸುಮ್ಮನಾಗುತ್ತಾರೆ. ಇನ್ನೊಂದು ಇದೆ, ಈರುಳ್ಳಿ ಸಿಪ್ಪೆ ಬಣ್ಣ. ಅದರೊಳಗೆ ಒಂಚೂರು ಕಂದು ಇರುತ್ತದೆ, ಮೈಬಣ್ಣದ ಜೊತೆ ಚೆನ್ನಾಗಿ ಕೂರುತ್ತದೆ. ಬೆಳಗಿನ ಮುಹೂರ್ತಕ್ಕೆ ನಾನಾದರೆ ಅದನ್ನೇ ತೆಗೆದುಕೊಳ್ಳುತ್ತೇನೆ. ಡಬಲ್ ಶೇಡ್ ಸಿಕ್ಕರೆ ಇನ್ನೂ ಚೆಂದ. ಉದ್ದಕ್ಕೆ ಹೋಗುವ ಹಾಸಿನ ಎಳೆ ಒಂದು ಬಣ್ಣ, ಅಡ್ಡಕ್ಕೆ ಹೋಗುವ ಹೊಕ್ಕಿನದು ಇನ್ನೊಂದು. ಗುಲಾಬಿ ಜೊತೆ ನೇರಳೆಯೋ ಕಿತ್ತಳೆಯೋ ಇದ್ದರೆ ನಡೆಯುವಾಗ ನೆರಿಗೆ ನೆರಿಗೆಗೂ ಬಣ್ಣ ಬದಲಾಗುತ್ತದೆ. ಗುಲಾಬಿಗೆ ಹಸಿರು ಹಾಸು ಇದ್ದರೆ ಸ್ವಲ್ಪ ಮಂಕು ಕಾಣುತ್ತದೆ, ಅದನ್ನು ಹಗಲಲ್ಲಿ ನೋಡದೆ ತೆಗೆಯಬೇಡಿ.

ಹಗಲಲ್ಲಿ ನೋಡೋದು ಎಲ್ಲಕ್ಕೂ ಮುಖ್ಯ. ಅಂಗಡಿಯ ಬಿಳಿ ಲೈಟಿನಲ್ಲಿ ಒಂದು ಪಿಂಕ್, ರಸ್ತೆಗೆ ತಂದರೆ ಬೇರೆಯೇ ಪಿಂಕ್. ಬಾಗಿಲ ಹತ್ತಿರ ತಂದು ನೋಡುತ್ತೇನೆ ಅನ್ನಿ, ಸಂಕೋಚ ಬೇಡ. ಸೀರೆಯನ್ನು ಕೈ ಮೇಲಲ್ಲ, ಗಲ್ಲದ ಕೆಳಗೆ ಹಿಡಿದು ನೋಡಿ. ಜೊತೆಗೆ ಬಂದವರನ್ನು ಬಣ್ಣ ಹೇಗಿದೆ ಅಂತ ಕೇಳಬೇಡಿ, ನನ್ನ ಮುಖ ಹೇಗೆ ಕಾಣ್ತಿದೆ ಅಂತ ಕೇಳಿ. ಯಾರಾದರೂ ಸೀರೆ ಮಡಚಿಡೋಕೆ ಬಂದರೆ ಬಿಡಬೇಡಿ.

ಬ್ಲೌಸಿಗೆ ಅದೇ ಪಿಂಕ್ ಹುಡುಕಿ ಸುಸ್ತಾಗೋದು ಬೇಡ. ಒಂಚೂರು ವ್ಯತ್ಯಾಸ ಇದ್ದರೂ ಎದ್ದು ಕಾಣುತ್ತದೆ. ಅಂಚಿನ ಬಣ್ಣದ್ದೋ, ಕಡು ಹಸಿರಿನದ್ದೋ ಹೊಲಿಸಿ. ರಾಣಿ ಬಣ್ಣದ ಬಟ್ಟೆಯನ್ನೇ ಹೊಲಿಸುವುದಾದರೆ ಮೊದಲು ಒಳಗಿನ ತುದಿಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಬಿಳಿ ಲೈನಿಂಗ್ ಬೇಡ, ಮದುವೆ ಮನೆಯ ಬೆವರಿಗೆ ಕಂಕುಳಲ್ಲಿ ಕಲೆಯಾಗುತ್ತದೆ. ಲೈನಿಂಗ್ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಬಿಗಿಯಾಗುತ್ತದೆ. ಮದುವೆ ಯಾವಾಗ ಅಂತ ನೀವು ಬರೆದಿಲ್ಲ. ಹಾಸನಾಂಬೆ ಬಾಗಿಲು ತೆರೆಯುವ ದಿನಗಳಿಂದ ದೀಪಾವಳಿ ಮುಗಿಯುವ ತನಕ ನಮ್ಮೂರಿನ ಟೈಲರ್‌ಗಳಿಗೆ ತಲೆ ಎತ್ತೋಕೂ ಪುರುಸೊತ್ತಿರಲ್ಲ. ಅದರ ಆಸುಪಾಸಿನಲ್ಲಿದ್ದರೆ ಒಂದು ತಿಂಗಳು ಮುಂಚೆಯೇ ಕೊಟ್ಟುಬಿಡಿ. ಸೀರೆ ತೆಗೆದ ಮೇಲೆ ಯಾವ ಪಿಂಕ್ ಆರಿಸಿದಿರಿ ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.