ರವೆನ್ನಾದಲ್ಲಿ ಒಂದೇ ದಿನವಿದ್ದರೆ

ಇಟಲಿಯ ಬೊಲೋನ್ಯಾದಿಂದ ಒಂದು ದಿನಕ್ಕೆ ರವೆನ್ನಾಗೆ ಹೋಗ್ತೀವಿ, ಅಮ್ಮನಿಗೆ ಮಂಡಿನೋವು, ಯಾವುದನ್ನು ಬಿಡಬಾರದು ಅಂತ ಕೇಳಿದ್ದೀರಿ. ಧೈರ್ಯವಾಗಿ ಕರೆದುಕೊಂಡು ಹೋಗಿ, ಊರು ಸಮತಟ್ಟಾಗಿದೆ.

ಮೊದಲು ಸಾನ್ ವಿತಾಲೆ ಚರ್ಚು, 547ರದ್ದು. ಒಂದು ಗೋಡೆಯಲ್ಲಿ ಆ ಕಾಲದ ರೋಮನ್ ಚಕ್ರವರ್ತಿ ಜಸ್ಟಿನಿಯನ್, ಎದುರಿಗೆ ರಾಣಿ ಥಿಯೊಡೋರಾ, ಇಬ್ಬರೂ ಪರಿವಾರ ಸಮೇತ ಮೊಸಾಯಿಕ್‌ನಲ್ಲಿ, ಅಂದರೆ ಬಣ್ಣದ ಪುಟ್ಟ ಚೂರುಗಳನ್ನು ಜೋಡಿಸಿದ ಚಿತ್ರದಲ್ಲಿ, ಮಿನುಗುತ್ತಾರೆ. ಪಕ್ಕದಲ್ಲೇ ರೋಮನ್ ರಾಣಿ ಗಾಲ್ಲಾ ಪ್ಲಾಸಿಡಿಯಾ ಹೆಸರಿನ ಸಮಾಧಿಮಂದಿರ. ಹೊರಗೆ ಬರೀ ಇಟ್ಟಿಗೆಯ ಪುಟ್ಟ ಕಟ್ಟಡ. ಒಳಗೆ ಕೆಲವೇ ನಿಮಿಷ ಬಿಡುತ್ತಾರೆ, ದಯವಿಟ್ಟು ಅದನ್ನು ಫೋಟೊಗೆ ಕಳೆಯಬೇಡಿ. ಕಿಟಕಿಗಳಿಗೆ ಬೆಳಕು ಹಾಯುವಷ್ಟು ತೆಳುವಾದ ಅಲಬಾಸ್ಟರ್ ಕಲ್ಲು ಕೂರಿಸಿದ್ದಾರೆ. ಆ ಮಬ್ಬು ಬೆಳಕಿಗೆ ಕಣ್ಣು ಒಗ್ಗಿದ ಮೇಲೆ ಕಡುನೀಲಿ ಚಾವಣಿಯ ಚಿನ್ನದ ನಕ್ಷತ್ರಗಳು ಒಂದೊಂದಾಗಿ ಕಾಣುತ್ತವೆ. ನನಗಂತೂ ಇಡೀ ಇಟಲಿಯಲ್ಲಿ ಅದಕ್ಕಿಂತ ಚಂದದ ಕೋಣೆ ಬೇರೆ ಇಲ್ಲ.

ಸಂಜೆ, 1321ರಲ್ಲಿ ಇಲ್ಲೇ ತೀರಿಕೊಂಡ ಕವಿ ಡಾಂಟೆಯ ಸಮಾಧಿ ನೋಡಿ. ಟಿಕೆಟ್ ಇಲ್ಲ.