ಗೂಡಿನ ಲೆಕ್ಕ ಯಾರ ತಲೆಗೆ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದೊಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವಿದೆ. ಹರಾಜಿನಲ್ಲಿ ಗೂಡು ಕೂಗಿ ತರುವುದು ಅಣ್ಣನ ಹೊಣೆ, ಬೇಯಿಸಿ ನೂಲು ತೆಗೆಸುವುದು ನನ್ನದು. ಲಾಭ ಇಳಿದ ತಿಂಗಳು ‘ಗೂಡೇ ಕಳಪೆ’ ಎಂದು ನಾನೂ ‘ಒಳ್ಳೆಯ ಗೂಡನ್ನು ಕೆಡಿಸಿದೆ’ ಎಂದು ಅವನೂ ವಾದಿಸುತ್ತೇವೆ. ಹಲವು ಹಂತಗಳ ಸಂಸ್ಥೆಯ ದಕ್ಷತೆಯನ್ನು ಆಟದ ಸಿದ್ಧಾಂತದಿಂದ, ಅಂದರೆ ಒಬ್ಬರ ಆಯ್ಕೆ ಇನ್ನೊಬ್ಬರ ಫಲವನ್ನು ಬದಲಿಸುವ ಸನ್ನಿವೇಶಗಳ ಗಣಿತದಿಂದ, ಅಳೆಯುವುದು ಹೇಗೆ?
ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಅಣ್ಣನವರ ಲೆಕ್ಕದಲ್ಲಿ ಗೂಡು ಉತ್ಪನ್ನ, ನಿಮ್ಮ ಲೆಕ್ಕದಲ್ಲಿ ಅದೇ ಕಚ್ಚಾಮಾಲು, ಅದಕ್ಕೆ ಹೆಚ್ಚು ಬೆಲೆ ಕಟ್ಟಿದಷ್ಟೂ ಅವರು ದಕ್ಷರಾಗಿಯೂ ನೀವು ದುಂದುಗಾರರಾಗಿಯೂ ಕಾಣುತ್ತೀರಿ. ಒಂದು ಕಿಲೊ ನೂಲಿಗೆ ಎಷ್ಟು ಗೂಡು ಬೇಕಾಯಿತೆಂದು ಹೇಳುವ ರೆಂಡಿಟದಿಂದಲೂ ಇದು ತೀರದು, ಏಕೆಂದರೆ ಗೂಡು ಕಳಪೆಯಾದರೂ ಬೇಯಿಸುವುದು ತಪ್ಪಿದರೂ ರೆಂಡಿಟ ಒಂದೇ ರೀತಿ ಏರುತ್ತದೆ.

ಚಾರ್ನ್ಸ್, ಕೂಪರ್, ರೋಡ್ಸ್ 1978ರಲ್ಲಿ ರೂಪಿಸಿದ ‘ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್’ ವಿಧಾನವು ಪ್ರತಿ ಘಟಕಕ್ಕೂ ಅದಕ್ಕೆ ಅತ್ಯಂತ ಅನುಕೂಲವಾದ ಗುಣಕಗಳನ್ನು (ಪ್ರತಿ ಕಚ್ಚಾಮಾಲಿಗೂ ಉತ್ಪನ್ನಕ್ಕೂ ಲೆಕ್ಕದಲ್ಲಿ ಕೊಡುವ ಪ್ರಾಮುಖ್ಯ) ಆರಿಸಿ, ಗುಂಪಿನ ಉತ್ತಮ ಘಟಕಗಳಿಗೆ ಹೋಲಿಸಿ, ಗರಿಷ್ಠ 1ರವರೆಗೆ ಅಂಕ ಕೊಡುತ್ತದೆ. ಆದರೆ ಒಳಗಿನ ಹಂತಗಳು ಅದಕ್ಕೆ ಕಾಣಿಸುವುದಿಲ್ಲ. 2008ರಲ್ಲಿ ಲಿಯಾಂಗ್, ಕುಕ್, ಝು ಅವರು ಹಂತಗಳನ್ನೇ ಆಟಗಾರರೆಂದು ಭಾವಿಸಿ ಈ ಕೊರತೆಯನ್ನು ತುಂಬಿದರು.

ಒಂದು ಕಲ್ಪಿತ ಲೆಕ್ಕ ನೋಡಿ. ಅರ್ಥಶಾಸ್ತ್ರಜ್ಞ ಸ್ಟಾಕೆಲ್‌ಬರ್ಗ್‌ನ ಮುಂದಾಳು–ಹಿಂಬಾಲಕ ಆಟದಂತೆ ಮೊದಲು ಅಣ್ಣನವರ ಅಂಕವನ್ನು ಗರಿಷ್ಠಗೊಳಿಸಿ, ಗೂಡಿಗೆ ಆ ಗುಣಕಗಳನ್ನೇ ನಿಮಗೂ ಹಚ್ಚಿದಾಗ ಅವರಿಗೆ 0.90, ನಿಮಗೆ 0.60 ಬಂದರೆ ಒಟ್ಟು ದಕ್ಷತೆ ಎರಡರ ಗುಣಲಬ್ಧವಾದ 0.54. ನೀವು ಮುಂದಾಳಾದಾಗ ನಿಮಗೆ 0.80, ಅವರಿಗೆ 0.70, ಒಟ್ಟು 0.56. ಇಬ್ಬರೂ ಒಂದೇ ಗುಣಕಕ್ಕೆ ಒಪ್ಪಿ ಗುಣಲಬ್ಧವನ್ನೇ ಗರಿಷ್ಠಗೊಳಿಸಿದರೆ ಅವರಿಗೆ 0.80, ನಿಮಗೆ 0.75, ಒಟ್ಟು 0.60 ಆಗಬಹುದು. ಗಣಿತಜ್ಞ ನ್ಯಾಶ್ 1950ರಲ್ಲಿ ಕೊಟ್ಟ ಚೌಕಾಸಿ ಸೂತ್ರವನ್ನೂ ಇಲ್ಲಿ ಬಳಸುವುದುಂಟು. ಆದರೆ ಮಾತು ಮುರಿದರೆ ಯಾರಿಗೆಷ್ಟು ಎಂಬುದನ್ನು ಮೊದಲೇ ನಿಗದಿಪಡಿಸಬೇಕಾದ್ದರಿಂದ, ಅಣ್ಣತಮ್ಮಂದಿರ ನಡುವೆ ಅದು ಹೊಸ ಜಗಳಕ್ಕೆ ದಾರಿಯಾದೀತು ಎಂಬುದು ನನ್ನ ಅಳುಕು.

ಒಂದು ಎಚ್ಚರಿಕೆ. ನಡುವಿನ ಅಳತೆಯಾಗಿ ಗೂಡಿನ ಒಟ್ಟು ತೂಕವೊಂದನ್ನೇ ಹಿಡಿದರೆ ಆಟಕ್ಕೆ ಎಡೆಯೇ ಇಲ್ಲ. ಮುಂದಾಳು ಯಾರಾದರೂ ಅಂಕ ಅದೇ ಬರುತ್ತದೆ. ಆದ್ದರಿಂದ ಗೂಡು ಒಪ್ಪಿಸಿಕೊಳ್ಳುವಾಗಲೇ ಉತ್ತಮ ಗೂಡು, ಜೋಡಿ ಗೂಡು, ಕಲೆ ಬಿದ್ದ ಗೂಡುಗಳನ್ನು ಬೇರ್ಪಡಿಸಿ ತೂಗಿ, ಇಬ್ಬರೂ ಸಹಿ ಹಾಕುವ ಪುಸ್ತಕದಲ್ಲಿ ಬರೆದಿಡಿ. ಬೇರೆ ರೀಲರ್‌ಗಳ ಲೆಕ್ಕ ನಿಮ್ಮ ಕೈಗೆ ಸಿಗುವುದು ಕಷ್ಟ. ನಿಮ್ಮದೇ ಒಂದೊಂದು ವಾರವನ್ನು ಒಂದೊಂದು ಘಟಕವೆಂದು ಎಣಿಸಬಹುದು. ಘಟಕಗಳ ಸಂಖ್ಯೆ ನೀವು ಲೆಕ್ಕಕ್ಕೆ ಹಿಡಿದ ಕಚ್ಚಾಮಾಲು, ಉತ್ಪನ್ನಗಳ ಅಳತೆಗಳ ಸಂಖ್ಯೆಯ ಮೂರು ಪಟ್ಟಾದರೂ ಇರಲಿ, ಇಲ್ಲದಿದ್ದರೆ ಬಹುಪಾಲು ವಾರಗಳಿಗೆ 1 ಅಂಕವೇ ಬಂದು ಇಬ್ಬರೂ ಗೆದ್ದಂತೆ ಕಾಣುತ್ತೀರಿ.