ಹರಾಜು ಹುಡುಗರ ಆಯ್ಕೆಯನ್ನು ಕಿತ್ತುಕೊಳ್ಳುತ್ತದಾ? ನನಗೆ ಆಯ್ಕೆ ಇತ್ತು, ಕೇಳಿ

ಅಮೆರಿಕದ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಪದ್ಧತಿ, ಆರಿಸಿದ ತಂಡದ ಜತೆ ಮಾತ್ರ ಹುಡುಗ ಮಾತಾಡಬೇಕು) ಇರಲಿ, ನಮ್ಮ ಐಪಿಎಲ್, ಪ್ರೊ ಕಬಡ್ಡಿ ಹರಾಜು ಇರಲಿ, ಆಟಗಾರನಿಗೆ ತನ್ನ ತಂಡ ಆರಿಸಿಕೊಳ್ಳುವ ಹಕ್ಕೇ ಇಲ್ಲ, ಇದು ಅನ್ಯಾಯ ಅಲ್ವಾ, ಕಬಡ್ಡಿ ಆಡುವ ನಿಮ್ಮ ತಮ್ಮ ಇಂಥದ್ದಕ್ಕೆ ಹೆಸರು ಕೊಡಬೇಕಾ ಬೇಡವಾ ಅಂತ ಕೇಳಿದ್ದೀರಿ. ನನಗೆ ಆ ಹಕ್ಕು ಇತ್ತು. ಎರಡು ತಂಡಗಳು ಕರೆದಿದ್ದವು, ಒಂದನ್ನು ನಾನೇ ಆರಿಸಿದೆ. ಎಡವಿದ್ದು ಅಲ್ಲೇ.

ನಾನು ಬೆಳ್ತಂಗಡಿ ಕಡೆಯವನು. ಲೆಫ್ಟ್ ಕಾರ್ನರ್, ಅಂದರೆ ಎಡ ತುದಿಯಲ್ಲಿ ನಿಂತು ಎದುರಾಳಿಯನ್ನು ಹಿಡಿಯುವವನು. ನಮ್ಮಲ್ಲಿ ಮಳೆಗಾಲ ಮುಗಿದರೆ ಸಾಕು, ಶನಿವಾರ ಬಂತೆಂದರೆ ಎಲ್ಲಾದರೂ ಒಂದು ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಇದ್ದೇ ಇರುತ್ತದೆ. ರಾತ್ರಿ ಎಂಟಕ್ಕೆ ಅಂತ ಪೋಸ್ಟರ್‌ನಲ್ಲಿ ಹಾಕಿ ಹತ್ತಕ್ಕೆ ಶುರು ಮಾಡುತ್ತಾರೆ, ಫೈನಲ್ ಮುಗಿಯುವಾಗ ಕೋಳಿ ಕೂಗಿರುತ್ತದೆ. ಅಲ್ಲಿ ಆಡಿ, ಕಾಲೇಜು ತಂಡಕ್ಕೆ ಆಡಿ, ಒಂದಷ್ಟು ಹೆಸರು ಮಾಡಿದ ಮೇಲೆ ಒಂದು ಲೀಗ್‌ನಿಂದ ಕರೆ ಬಂತು. ಲೀಗ್ ಯಾವುದು, ತಂಡ ಯಾವುದು ಎಂದು ಹೇಳುವುದಿಲ್ಲ. ಅದರಿಂದ ನಿಮಗೆ ಉಪಯೋಗವೂ ಇಲ್ಲ.

ಆ ಲೀಗ್‌ನಲ್ಲಿ ಸೀನಿಯರ್‌ಗಳಿಗೆ ಹರಾಜು. ನಮ್ಮಂಥ ಹೊಸ ಹುಡುಗರನ್ನು ತಂಡಗಳು ನೇರವಾಗಿ ಕರೆದು ಸಹಿ ಹಾಕಿಸಿಕೊಳ್ಳಬಹುದಿತ್ತು. ಪ್ರೊ ಕಬಡ್ಡಿಯಲ್ಲೂ ಹೊಸ ಹುಡುಗರನ್ನು ಹರಾಜಿನ ಹೊರಗೆ ಸೇರಿಸಿಕೊಳ್ಳುವ ದಾರಿ ಇದೆ. ಅಂದರೆ ನಿಮ್ಮ ತಮ್ಮನಿಗೆ ಆಯ್ಕೆಯೇ ಇರುವುದಿಲ್ಲ ಅನ್ನುವ ನಿಮ್ಮ ಲೆಕ್ಕ ಶುರುವಿನಲ್ಲೇ ಸ್ವಲ್ಪ ತಪ್ಪು. ಮೊದಲ ಸಹಿ ಬಹುಶಃ ಅವನ ಕೈಯಲ್ಲೇ ಇರುತ್ತದೆ.

ನನ್ನನ್ನು ಕರೆದ ಒಂದು ತಂಡ ಉತ್ತರದ್ದು. ಕೋಚ್‌ಗೆ ಹಿಂದಿ ಬಿಟ್ಟು ಬೇರೆ ಬಾರದು. ಅವರ ಲೆಫ್ಟ್ ಕಾರ್ನರ್ ಹಿಂದಿನ ಸೀಸನ್ನಿನಲ್ಲಿ ಮೊಣಕಾಲು ಪೆಟ್ಟು ಮಾಡಿಕೊಂಡು ಮನೆಗೆ ಹೋಗಿದ್ದ. ಇನ್ನೊಂದು ತಂಡದಲ್ಲಿ ನಮ್ಮ ಕಡೆಯ ಅಣ್ಣ ಒಬ್ಬರು ಇದ್ದರು. ಅವರೇ ಫೋನ್ ಮಾಡಿ, "ಇಲ್ಲಿ ಕುಚ್ಚಲಕ್ಕಿ ಅನ್ನ ಇಲ್ಲ, ಆದರೆ ತುಳು ಉಂಟು, ಬಾ" ಎಂದರು. ಹೋದೆ. ಅಷ್ಟೇ ನನ್ನ ಯೋಚನೆ. ಆ ತಂಡದ ಆಟಗಾರರ ಪಟ್ಟಿ ಹೊರಗೆ ಬಂದಿತ್ತು, ಮೊಬೈಲಿನಲ್ಲೇ ಇತ್ತು. ತೆರೆದು ನೋಡಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಬಡ್ಡಿ ನೋಡುವವರಿಗೂ ಇದು ಗೊತ್ತಿರುವುದಿಲ್ಲ. ಎದುರಾಳಿ ಅಂಗಳಕ್ಕೆ ನುಗ್ಗಿ ಅಂಕ ತರುವ ರೈಡರ್‌ಗಳನ್ನು ತಂಡಗಳು ಬೇಕಾದಾಗ ಬದಲಾಯಿಸುತ್ತವೆ. ಒಬ್ಬ ಎರಡು ಸಲ ಖಾಲಿ ಕೈಯಲ್ಲಿ ಬಂದರೆ ಇನ್ನೊಬ್ಬನನ್ನು ಇಳಿಸುತ್ತಾರೆ. ಆದರೆ ಕಾರ್ನರ್ ಹಾಗಲ್ಲ. ಎದುರಿನ ರೈಡರ್ ಹೆಚ್ಚುವರಿ ಅಂಕಕ್ಕಾಗಿ ಬೋನಸ್ ಗೆರೆಗೆ ಕಾಲು ಚಾಚಿದಾಗ ಕಾರ್ನರ್ ಪಾದ ಹಿಡಿಯಬೇಕು, ಅದೇ ಹೊತ್ತಿಗೆ ಕವರ್, ಅಂದರೆ ಕಾರ್ನರ್‌ನ ಒಳಬದಿಯಲ್ಲಿ ನಿಂತು ಹಿಡಿಯುವವನು, ಬಂದು ಅವನು ತಿರುಗುವ ದಾರಿ ಮುಚ್ಚಬೇಕು. ಕಾರ್ನರ್ ಒಂದು ಗಳಿಗೆ ಮೊದಲು ಬಿದ್ದರೆ ಅವನೊಬ್ಬನೇ ಔಟ್. ಕವರ್ ಒಂದು ಗಳಿಗೆ ಮೊದಲು ಬಂದರೆ ಇಬ್ಬರೂ ಔಟ್. ಮಾತಾಡಿಕೊಳ್ಳಲು ಅಲ್ಲಿ ಪುರುಸೊತ್ತು ಇರುವುದಿಲ್ಲ. ನಮ್ಮ ಅಭ್ಯಾಸದಲ್ಲಿ ಕೈ ಹಿಡಿದು ನಿಂತಾಗ ಬೆರಳು ಒತ್ತುವುದೇ ಸಿಗ್ನಲ್. ಒಮ್ಮೆ ಒತ್ತಿದರೆ ತಡಿ, ಬಿಟ್ಟರೆ ಹೋಗು. ಇಂಥ ಜೋಡಿ ಒಮ್ಮೆ ಕೂಡಿಬಂತೆಂದರೆ ಯಾವ ಕೋಚ್ ಕೂಡ ಅದನ್ನು ಮುಟ್ಟುವುದಿಲ್ಲ. ಕಾರ್ನರ್‌ಗೆ ಜ್ವರ ಇದ್ದರೂ ಮಾತ್ರೆ ನುಂಗಿಸಿ ಇಳಿಸುತ್ತಾರೆ.

ನಾನು ಸೇರಿದ ತಂಡದಲ್ಲಿ ಲೆಫ್ಟ್ ಕಾರ್ನರ್ ಇದ್ದ. ಹರಾಜಿನಲ್ಲಿ ದೊಡ್ಡ ದುಡ್ಡು ಕೊಟ್ಟು ತಂದವನು. ಅವನಿಗೆ ಬದಲಿ ಅಂತ ಇನ್ನೊಬ್ಬನೂ ಇದ್ದ. ನಾನು ಮೂರನೆಯವನು. ಪಂದ್ಯಕ್ಕೆ ಹನ್ನೆರಡು ಜನರ ಪಟ್ಟಿ ಹೋಗುತ್ತದೆ. ಮೂರನೇ ಲೆಫ್ಟ್ ಕಾರ್ನರ್‌ಗೆ ಅದರಲ್ಲಿ ಜಾಗ ಎಲ್ಲಿಂದ ಬರಬೇಕು?

ಇಡೀ ಸೀಸನ್ ಟಿವಿಯಲ್ಲಿ ನಾನು ಕಂಡಿದ್ದು ಟೈಮ್‌ಔಟ್ ಹೊತ್ತಿನಲ್ಲಿ, ನೀರಿನ ಬಾಟಲಿ ಹಿಡಿದುಕೊಂಡು. ಊರಿನ ಹುಡುಗರು ಅದನ್ನೇ ಫೋಟೋ ಹೊಡೆದು ಸ್ಟೇಟಸ್ ಹಾಕಿದ್ದರು. ಬಾಟಲಿಯ ಮೇಲಿನ ಜಾಹೀರಾತು ನನ್ನ ಮುಖಕ್ಕಿಂತ ಚೆನ್ನಾಗಿ ಬಂದಿತ್ತು.

ಅದೇ ವರ್ಷ ನನ್ನ ಜತೆ ಕಾಲೇಜಿನಲ್ಲಿ ಆಡಿದ ಗೆಳೆಯ ಹರಾಜಿಗೆ ಹೋದ. ಕೊನೆಯ ವರ್ಗದಲ್ಲಿ ಅವನ ಹೆಸರು ಬಂತು, ಅವನು ಯಾವತ್ತೂ ಯೋಚಿಸದ ಒಂದು ತಂಡ ಮೂಲ ಬೆಲೆಗೆ ಎತ್ತಿಕೊಂಡಿತು. ಅವನಿಗೆ ಆ ಊರಿನ ಭಾಷೆ ಗೊತ್ತಿಲ್ಲ, ಊಟ ಹಿಡಿಸುವುದಿಲ್ಲ. ಫೋನಿನಲ್ಲಿ ಅಳುವುದೊಂದು ಬಾಕಿ. ಆದರೆ ಎರಡನೇ ವಾರಕ್ಕೇ ಮ್ಯಾಟ್ ಮೇಲಿದ್ದ. ಯಾಕೆ? ಹರಾಜಿನಲ್ಲಿ ಕೂತವರ ಕೈಯಲ್ಲಿರುವುದು ಲೆಕ್ಕದ ದುಡ್ಡು. ಬೇಡದ ಜಾಗಕ್ಕೆ ಅವರು ಸುಮ್ನೆ ಕೈ ಎತ್ತುವುದಿಲ್ಲ. ಅವನ ತಂಡಕ್ಕೆ ಕವರ್ ಬೇಕಿತ್ತು, ಹಾಗಾಗಿ ತೆಗೆದುಕೊಂಡರು. ನನ್ನ ತಂಡಕ್ಕೆ ನಾನು ಬೇಕಿರಲಿಲ್ಲ. ಕಡಿಮೆಗೆ ಸಿಕ್ಕಿದೆ, ಇರಲಿ ಅಂತ ಇಟ್ಟುಕೊಂಡರು.

ಹರಾಜಾದ ಮೇಲೂ ಬೆಂಚು ಕಾಯುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ನಮ್ಮ ಕರ್ನಾಟಕದ ಕೆ. ಗೌತಮ್ ಅವರನ್ನೇ ನೋಡಿ. 2021ರ ಐಪಿಎಲ್ ಹರಾಜಿನಲ್ಲಿ ಚೆನ್ನೈ 9.25 ಕೋಟಿ ಕೊಟ್ಟು ತೆಗೆದುಕೊಂಡಿತು, ಇಡೀ ಸೀಸನ್ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಆದರೆ 9.25 ಕೋಟಿಯ ಬೆಂಚೂ ನನ್ನ ಬೆಂಚೂ ಒಂದೇ ಅಂತ ಮಾತ್ರ ಹೇಳಬೇಡಿ ಮಾರಾಯ್ರೆ.

ನನ್ನ ಕತೆಯಲ್ಲಿ ಇನ್ನೊಂದು ಗಂಟಿತ್ತು. ಸಹಿ ಹಾಕಿದ ಕಾಗದದಲ್ಲಿ, ಎರಡನೇ ಸೀಸನ್‌ಗೂ ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತಂಡದ ಇಷ್ಟ ಎಂದಿತ್ತು. ನನ್ನ ಇಷ್ಟ ಎಂಬ ಸಾಲು ಎಲ್ಲೂ ಇರಲಿಲ್ಲ. ಸೀಸನ್ ಮುಗಿದಾಗ ಉತ್ತರದ ತಂಡ ಮತ್ತೆ ಕೇಳಿತು. ನಮ್ಮವರು ಬಿಡುವುದಿಲ್ಲ ಎಂದರು. ಸರಿ, ಈ ಸಲ ಆಡಿಸುತ್ತಾರೆ ಅಂದುಕೊಂಡೆ. ಉಳಿದ ತಂಡಗಳೆಲ್ಲ ಭರ್ತಿಯಾದ ಮೇಲೆ ಕ್ಯಾಂಪಿನಿಂದ ಮನೆಗೆ ಕಳಿಸಿದರು. ಹೆಚ್ಚು ಮಾತಿಲ್ಲ, ಒಂದು ಮೆಸೇಜು. ಅಷ್ಟರಲ್ಲಿ ಒಂದು ಇಲಾಖೆಯ ಸ್ಪೋರ್ಟ್ಸ್ ಕೋಟಾ ಟ್ರಯಲ್ಸ್‌ಗೆ ಬರುವುದಿಲ್ಲ ಎಂದೂ ಹೇಳಿಬಿಟ್ಟಿದ್ದೆ, ಲೀಗ್ ಆಡುವವನಿಗೆ ಆಫೀಸು ಯಾಕೆ ಎನ್ನುವ ಗತ್ತಿನಲ್ಲಿ. ಅಮ್ಮ ಆಗಲೇ ಬೇಡ ಅಂದಿದ್ದರು. ಈಗಲೂ ಆಗಾಗ ಅಂದು ತೋರಿಸುತ್ತಾರೆ.

ಈಗ ನಿಮ್ಮ ಪ್ರಶ್ನೆ. ಡ್ರಾಫ್ಟ್ ಅನ್ಯಾಯವಾ? ಹುಟ್ಟಿದ್ದೇ ಮಾಲೀಕರ ಅನುಕೂಲಕ್ಕೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಒಳ್ಳೆಯ ಹುಡುಗರೆಲ್ಲ ಶ್ರೀಮಂತ ತಂಡಗಳ ಪಾಲಾಗುತ್ತಾರೆ ಎಂದು ಫಿಲಡೆಲ್ಫಿಯಾ ಈಗಲ್ಸ್ ಮಾಲೀಕ ಬರ್ಟ್ ಬೆಲ್ ಇದನ್ನು ಮುಂದಿಟ್ಟ. 1936ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್‌ನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಹುಡುಗನೊಬ್ಬನಿಗೆ ಒಂದೇ ಗಿರಾಕಿ ಆದರೆ ಬೆಲೆ ಏರುವುದು ಹೇಗೆ? ತಮಾಷೆ ಏನೆಂದರೆ ಆ ಮೊದಲ ಡ್ರಾಫ್ಟ್‌ನ ಮೊದಲ ಹೆಸರು ಜೇ ಬರ್ವಾಂಗರ್ ಎನ್ನುವ ಹುಡುಗನದು. ಅವನು ಎನ್‌ಎಫ್‌ಎಲ್ ಆಡಲೇ ಇಲ್ಲ. ದುಡ್ಡು ಹೊಂದಲಿಲ್ಲ, ಬೇರೆ ಕೆಲಸ ಹಿಡಿದ.

1983ರಲ್ಲಿ ಜಾನ್ ಎಲ್ವೇ ಎನ್ನುವ ಆಟಗಾರನನ್ನು ಬಾಲ್ಟಿಮೋರ್ ತಂಡ ಆರಿಸಿದಾಗ ಅವನೂ ಬರುವುದಿಲ್ಲ ಎಂದ. ಅವನ ಹತ್ತಿರ ಬೇಸ್‌ಬಾಲ್ ಇತ್ತು, ಬೇಸ್‌ಬಾಲ್ ತಂಡ ಯಾಂಕೀಸ್ ಅವನನ್ನು ಆಗಲೇ ತೆಗೆದುಕೊಂಡಿತ್ತು. ಕೊನೆಗೆ ಬಾಲ್ಟಿಮೋರ್‌ನವರೇ ಅವನನ್ನು ಡೆನ್ವರ್‌ಗೆ ಬಿಟ್ಟುಕೊಟ್ಟರು. 1986ರಲ್ಲಿ ಬೋ ಜಾಕ್ಸನ್ ಕೂಡ ತನ್ನನ್ನು ಆರಿಸಿದ ಟ್ಯಾಂಪಾ ಬೇ ತಂಡಕ್ಕೆ ಬೆನ್ನು ತಿರುಗಿಸಿ ಬೇಸ್‌ಬಾಲ್ ಆಡಲು ಹೋದ. ಡ್ರಾಫ್ಟ್ ನಿಯಮ ಎಲ್ಲರಿಗೂ ಒಂದೇ ಇತ್ತು. ಇವರು ಬೇಡ ಅನ್ನಲು ಆಗಿದ್ದು ಕೈಯಲ್ಲಿ ಇನ್ನೊಂದು ಅನ್ನದ ದಾರಿ ಇದ್ದುದರಿಂದ. ನನ್ನ ಕೈಯಲ್ಲಿ ಅದಿರಲಿಲ್ಲ. ಹಾಗಾಗಿ ತಂಡ ಆರಿಸಿಕೊಂಡವನಿಗೂ ಬಿಟ್ಟು ಹೊರಡುವ ಧೈರ್ಯ ಬರಲಿಲ್ಲ.

ಹರಾಜು ಇಲ್ಲದಿದ್ದರೆ ಹುಡುಗರು ಸ್ವತಂತ್ರರು ಎಂಬ ಮಾತನ್ನಂತೂ ನಾನು ನಂಬುವುದಿಲ್ಲ. ಐಪಿಎಲ್‌ನಲ್ಲಿ ಭಾರತಕ್ಕೆ ಆಡದ ಹುಡುಗರು 2014ಕ್ಕೆ ಮುಂಚೆ ಹರಾಜಿಗೆ ಬರುತ್ತಿರಲಿಲ್ಲ. ತಂಡಗಳು ನೇರವಾಗಿ ಮಾತಾಡಿ ತೆಗೆದುಕೊಳ್ಳುತ್ತಿದ್ದವು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಸಂಬಳಕ್ಕೆ ಬೋರ್ಡ್ ಮಿತಿ ಹಾಕಿತ್ತು, 10, 20, 30 ಲಕ್ಷ ಅಂತ. 2014ರಲ್ಲಿ ಇವರನ್ನೂ ಹರಾಜಿಗೆ ಬಿಟ್ಟಾಗ ಕರ್ಣ್ ಶರ್ಮಾಗೆ 3.75 ಕೋಟಿ ಬಂತು. ಅದಕ್ಕೂ ಮುಂಚೆ, 2010ರಲ್ಲಿ, ರವೀಂದ್ರ ಜಡೇಜಾ ತನ್ನ ತಂಡದ ಒಪ್ಪಂದ ಮುಂದುವರಿಸದೆ ಬೇರೆ ತಂಡದ ಜತೆ ಮಾತಿಗೆ ಇಳಿದ ಅಂತ ಇಡೀ ಸೀಸನ್ ಹೊರಗಿಟ್ಟರು. ಅದೇ ಜಡೇಜಾಗೆ 2012ರ ಹರಾಜಿನಲ್ಲಿ ಚೆನ್ನೈ 20 ಲಕ್ಷ ಡಾಲರ್ ಕೊಟ್ಟಿತು. ಕೊಹ್ಲಿ ವಿಷಯ ಎಲ್ಲರಿಗೂ ಗೊತ್ತು. 2008ರಲ್ಲಿ ಅಂಡರ್-19 ಹುಡುಗರನ್ನು ಹಂಚುವಾಗ ಡೆಲ್ಲಿ ತಂಡ ತನ್ನದೇ ಊರಿನ ಹುಡುಗನನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್‌ನನ್ನು ತೆಗೆದುಕೊಂಡಿತು. ಕೊಹ್ಲಿ ಬೆಂಗಳೂರಿಗೆ ಬಂದ. ಯಾರೂ ಅವನ ಇಷ್ಟ ಕೇಳಿರಲಿಲ್ಲ. ಆಮೇಲೆ ತಂಡ ಬದಲಿಸುವ ಅವಕಾಶ ಬಂದಾಗಲೂ ಅವನು ಬದಲಿಸಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಡೆ. ಅಮೆರಿಕದಲ್ಲಿ ಡ್ರಾಫ್ಟ್ ನಿಯಮವನ್ನು ಲೀಗ್ ಮತ್ತು ಆಟಗಾರರ ಯೂನಿಯನ್ ಕೂತು ಮಾತಾಡಿ ಮಾಡುತ್ತವೆ. ಶಾಲೆ ಮುಗಿದು ಮೂರು ವರ್ಷ ಆಗದವರು ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಬರುವಂತಿಲ್ಲ ಎಂಬ ನಿಯಮದ ವಿರುದ್ಧ ಮಾರಿಸ್ ಕ್ಲಾರೆಟ್ ಎನ್ನುವ ಹುಡುಗ ಕೋರ್ಟಿಗೆ ಹೋದ. 2004ರಲ್ಲಿ ಮೇಲಿನ ಕೋರ್ಟಿನಲ್ಲಿ ಸೋತ. ಯೂನಿಯನ್ ಜತೆಗಿನ ಸಂಬಂಧದೊಳಗಿನ ವಿಷಯ ಇದು ಎಂದರು. ಆದರೆ ಯೂನಿಯನ್ನಿನಲ್ಲಿ ಇರುವವರು ಆಗಲೇ ಒಳಗೆ ಸೇರಿದ ಸೀನಿಯರ್‌ಗಳು. ಬಾಗಿಲಲ್ಲಿ ನಿಂತ ಹುಡುಗನ ಪರ ಮಾತಾಡುವವರು ಯಾರು? ಆದರೂ ಯೂನಿಯನ್ ಇದ್ದುದಕ್ಕೇ 2024ರಲ್ಲಿ ಅಲ್ಲಿನ ಮಹಿಳಾ ಫುಟ್‌ಬಾಲ್ (ಸಾಕರ್) ಲೀಗ್ ಡ್ರಾಫ್ಟನ್ನೇ ಎತ್ತಿಹಾಕಿತು, ಆಟಗಾರ್ತಿಯರ ಜತೆಗಿನ ಹೊಸ ಒಪ್ಪಂದದಲ್ಲಿ. ನಮ್ಮಲ್ಲಿ? ಕ್ರಿಕೆಟ್‌ನಲ್ಲಿ 2019ರಲ್ಲಿ ಆದ ಸಂಘ ನಿವೃತ್ತರಿಗೆ ಮಾತ್ರ. ಕ್ರಿಕೆಟ್ಟಿನ ಗತಿಯೇ ಇದು. ಕಬಡ್ಡಿ ಹುಡುಗನಾಗಿ ನಾನು ಆ ಕಾಗದ ಹಿಡಿದುಕೊಂಡು ಯಾರ ಹತ್ತಿರ ಹೋಗಬೇಕಿತ್ತು ಅಂತ ಈಗಲೂ ಗೊತ್ತಿಲ್ಲ.

ಆದ್ದರಿಂದ ಹರಾಜಿಗೆ ಹೆಸರು ಕೊಡಿ ಅಂತಲೇ ಹೇಳುತ್ತೇನೆ, ಯೋಚನೆ ಬೇಡ. ಆದರೆ ಮೊದಲು ರೈಲ್ವೆ, ಬ್ಯಾಂಕು, ಪೊಲೀಸು, ಯಾವುದಾದರೂ ಸರಿ, ಕೋಟಾದ ಟ್ರಯಲ್ಸ್ ಬಿಡದೆ ಹೋಗಲಿ. ಕೆಲಸ ಇರುವವನು ಸಹಿ ಹಾಕುವಾಗ ಪೆನ್ನು ಕೆಳಗಿಟ್ಟು ಎರಡು ಪ್ರಶ್ನೆ ಕೇಳಬಲ್ಲ. ಒಂದು, ಎರಡನೇ ಸೀಸನ್ ಯಾರ ಇಷ್ಟ? ಇನ್ನೊಂದು, ಬಿಡುವುದಾದರೆ ಯಾವ ತಾರೀಖಿನೊಳಗೆ ಹೇಳುತ್ತೀರಿ? ಹರಾಜಿಗೆ ಮುಂಚೆ ಬಿಟ್ಟರೆ ಇನ್ನೊಂದು ಬಾಗಿಲು ಇರುತ್ತದೆ, ಆಮೇಲೆ ಬಿಟ್ಟರೆ ಒಂದು ವರ್ಷ ಹೋಯಿತು. ಬಾಯಲ್ಲಿ ಹೇಳಿದರೆ ಸಾಲದು, ಬರೆಸಿಕೊಳ್ಳಿ. ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ, ಊರಿನ ಯಾವ ವಕೀಲರಾದರೂ ಅರ್ಧ ಗಂಟೆಯಲ್ಲಿ ಓದಿ ಹೇಳುತ್ತಾರೆ. ನಾನು ಆ ಕಾಗದವನ್ನು ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ, ಬ್ಯಾಗನ್ನೇ ಮೇಜು ಮಾಡಿಕೊಂಡು ಸಹಿ ಮಾಡಿದವನು.

ನಿಮ್ಮ ತಮ್ಮ ರೈಡರಾ, ಕವರಾ, ಕಾರ್ನರಾ ಅಂತ ನೀವು ಬರೆದಿಲ್ಲ. ರೈಡರ್ ಆದರೆ ನೇರವಾಗಿ ಕರೆದ ತಂಡಕ್ಕೂ ಹೋಗಬಹುದು, ಒಂದಲ್ಲ ಒಂದು ದಿನ ಮ್ಯಾಟ್ ಸಿಗುತ್ತದೆ. ಕಾರ್ನರ್ ಆದರೆ ತಂಡದವರು ಫೋನ್ ಮಾಡಿದಾಗ "ನಿಮ್ಮ ಕಾರ್ನರ್‌ನಲ್ಲಿ ಈಗ ಯಾರಿದ್ದಾರೆ, ಅವರ ಒಪ್ಪಂದ ಯಾವಾಗ ಮುಗಿಯುತ್ತದೆ" ಅಂತ ಅವನೇ ಕೇಳಲಿ. ಹೆಸರು ಸರಿಯಾಗಿ ಹೇಳದಿದ್ದರೆ ಹರಾಜಿನ ತನಕ ಕಾಯಲಿ.